ಶೈತ್ಯಚಿಕಿತ್ಸೆ: ಪಾರ್ಶ್ವವಾಯುವಿನಲ್ಲಿ ಮಿದುಳಿನ ರಕ್ಷಣೆ

ಶೈತ್ಯಚಿಕಿತ್ಸೆ ಎಂಬುದು ರೋಗಿಯ ಶರೀರದ, ಅಥವಾ ಮಿದುಳೊಂದರ, ಉಷ್ಣತೆಯನ್ನು ಸ್ವಾಭಾವಿಕ ಮಟ್ಟವಾದ 37° ಸೆ.ಗಿಂತ ಕೆಲವು ಡಿಗ್ರಿಗಳಷ್ಟು ಬುದ್ಧಿಪೂರ್ವಕವಾಗಿ ಇಳಿಸಿ, ನಿಯತ ಕಾಲದವರೆಗೆ ಅಲ್ಲಿಯೇ ನಿಲ್ಲಿಸಿ, ಅನಂತರ ಮೆಲ್ಲಮೆಲ್ಲನೆ ಪೂರ್ವಸ್ಥಿತಿಗೆ ತರುವ ವೈದ್ಯಕ್ರಮ. ಮಿದುಳಿನ ರಕ್ತನಾಳವೊಂದು ಮುಚ್ಚಿ ಪಾರ್ಶ್ವವಾಯು ತಗಲಿದಾಗ, ರಕ್ತವಿಲ್ಲದೆ ಬಳಲುತ್ತಿರುವ ನರಕೋಶಗಳು ಸಾಯುವ ವೇಗವನ್ನು ತಗ್ಗಿಸಿ, ನಾಳವನ್ನು ತೆರೆಯುವ ಚಿಕಿತ್ಸೆ ದೊರೆಯುವವರೆಗೂ, ದೊರೆತ ಮೇಲೆ ಕೆಲಕಾಲವೂ ಅವುಗಳನ್ನು ಉಳಿಸಿಕೊಳ್ಳಬಹುದೆಂಬ ವಿಚಾರವೇ ಈ ಕ್ರಮದ ಮೂಲ. ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಈ ವಿಚಾರ ಪದೇ ಪದೇ ದೃಢಪಟ್ಟಿದೆ. ಮನುಷ್ಯರ ಪಾರ್ಶ್ವವಾಯುವಿನಲ್ಲಿ ಅದು ಇನ್ನೂ ಸಿದ್ಧಿಗೆ ಬಂದಿಲ್ಲ. ದೊಡ್ಡ ಆಸ್ಪತ್ರೆಗೂ ರೋಗಿಯ ಮನೆಗೂ ನಡುವೆ ಹಲವು ಹರದಾರಿಗಳ ಅಂತರವಿರುವ ಹಾವೇರಿಯಂಥ ಸೀಮೆಯಲ್ಲಿ, ಕಾಲವನ್ನು ತಡೆದು ನಿಲ್ಲಿಸಬಲ್ಲ ಚಿಕಿತ್ಸೆಯೊಂದು ಲಭಿಸಿದರೆ ಅದರ ಬೆಲೆ ನಗರಗಳಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. ಅಲ್ಲದೆ ಈ ಶಾಸ್ತ್ರದ ಎರಡು ಕುತೂಹಲಕರವಾದ ಎಳೆಗಳು ರಾಣೆಬೆನ್ನೂರಿನ ಕೃಷ್ಣಮೃಗದಲ್ಲಿಯೂ ಬ್ಯಾಡಗಿಯ ಮೆಣಸಿನಕಾಯಿಯಲ್ಲಿಯೂ ಕಾಣಸಿಗುವುದರಿಂದ, ವಿಷಯವನ್ನು ಇಲ್ಲಿ ಆ ಸೀಮೆಯ ನಿದರ್ಶನಗಳೊಡನೆ ನಿರೂಪಿಸಲಾಗಿದೆ.

ರೋಗದ ಸ್ವರೂಪ

ಉತ್ತರ ಕರ್ನಾಟಕದ ಜನ ‘ಲಕ್ವ ಹೊಡೆಯಿತು’ ಎಂದು ಹೇಳುವ, ಗ್ರಂಥಗಳಲ್ಲಿ ಪಾರ್ಶ್ವವಾಯು ಅಥವಾ ಅರ್ಧಾಂಗವಾಯು ಎಂದು ಹೆಸರಿಸಲಾಗಿರುವ ವ್ಯಾಧಿ ಎರಡು ಬಗೆಯಿಂದ ಬರುತ್ತದೆ: ಒಂದು, ಮಿದುಳಿನ ರಕ್ತನಾಳ ಒಡೆದು ರಕ್ತ ಸೋರುವುದರಿಂದ, ಇನ್ನೊಂದು, ನಾಳದಲ್ಲಿ ರಕ್ತ ಹೆಪ್ಪುಗಟ್ಟಿಯೋ, ಹೃದಯದಿಂದಲೋ ಕೊರಳಿನ ಧಮನಿಯಿಂದಲೋ ತೇಲಿಬಂದ ಹೆಪ್ಪು ಸಿಕ್ಕಿಕೊಂಡೋ ರಕ್ತಪ್ರವಾಹ ನಿಲ್ಲುವುದರಿಂದ. ಬಹುಪಾಲು ಪಾರ್ಶ್ವವಾಯುಗಳು ಈ ಎರಡನೆಯ ಬಗೆಯವಾಗಿದ್ದು, ಶೈತ್ಯಚಿಕಿತ್ಸೆಯ ವಿಚಾರ ಮುಖ್ಯವಾಗಿ ಅವಕ್ಕೆ ಸಂಬಂಧಪಟ್ಟದ್ದು.

ಶರೀರದ ತೂಕದಲ್ಲಿ ಶೇ. 2ರಷ್ಟು ಮಾತ್ರ ಇರುವ ಮಿದುಳು ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನು ತಾನೊಂದೇ ವ್ಯಯಿಸುತ್ತದೆ. ಸಂಗ್ರಹಿಸಿಟ್ಟುಕೊಳ್ಳುವ ಶಕ್ತಿ ಮಾತ್ರ ಅದಕ್ಕೆ ಇಲ್ಲವೆನ್ನುವಷ್ಟು ಅಲ್ಪ. 100 ಗ್ರಾಂ ಮಿದುಳಿಗೆ ಮಿನಿಟಿಗೆ ಸುಮಾರು 50 ಮಿಲಿಲೀಟರು ರಕ್ತ ಹರಿಯುವುದು ಸ್ವಾಭಾವಿಕ. ಇದು ಸುಮಾರು 20ಕ್ಕಿಂತ ಕೆಳಗಿಳಿದರೆ ನರಕೋಶಗಳ ಕೆಲಸ ನಿಲ್ಲುತ್ತದೆ. 10ಕ್ಕಿಂತ ಕೆಳಗಿಳಿದರೆ ಅವು ಕೆಲವೇ ಮಿನಿಟುಗಳಲ್ಲಿ ಸಾಯತೊಡಗುತ್ತವೆ. ನಾಳ ಮುಚ್ಚಿದ ಎಡೆಯಲ್ಲಿ ಹೀಗೆ ಶೀಘ್ರವಾಗಿ ಅಳಿಯುವ ಗರ್ಭಭಾಗವೊಂದೂ, ಅದರ ಸುತ್ತ, ನೆರೆಯ ನಾಳಗಳಿಂದ ಒಸರಿಬಂದ ಅಷ್ಟಿಷ್ಟು ರಕ್ತದಿಂದ ಕುಟುಕುಜೀವ ಹಿಡಿದು ಕೆಲಸವಿಲ್ಲದೆ ಬಿದ್ದಿರುವ ವಲಯವೊಂದೂ ಏರ್ಪಡುತ್ತವೆ. ಕಾಲುವೆಯ ತೂಬು ಮುಚ್ಚಿಹೋದಾಗ ಅದರ ಬಾಯಲ್ಲೇ ಇರುವ ಹೊಲ ಒಣಗಿ ಬಿರಿಯುತ್ತಿರಲು, ಸುತ್ತಣ ಹೊಲಗಳ ಪೈರು ಪಕ್ಕದ ಗದ್ದೆಯ ಬಸಿನೀರನ್ನು ಹೀರಿ ಬಾಡಿಯೂ ಸಾಯದೆ ನಿಂತಿರುವಂತೆ ಈ ಎರಡನೆಯ ವಲಯದ ಸ್ಥಿತಿ. ಇದಕ್ಕೆ ಆಸ್ಟ್ರಪ್, ಸೀಸ್ಯೊ ಮತ್ತು ಸೈಮನ್ ಎಂಬವರು 1981ರಲ್ಲಿ ಗ್ರಹಣಕಾಲದ ಅರೆನೆರಳಿನ ಹೆಸರನ್ನೇ ಬಳಸಿದರು. ಆ ಅರೆನೆರಳನ್ನು ಉಳಿಸಿಕೊಳ್ಳುವುದೇ ಪಾರ್ಶ್ವವಾಯುವಿನ ಆಧುನಿಕ ಚಿಕಿತ್ಸೆಯ ಏಕೈಕ ಗುರಿಯೆಂದರೂ ತಪ್ಪಾಗದು. ದೊಡ್ಡ ನಾಳವೊಂದು ಮುಚ್ಚಿದಾಗ ಪ್ರತಿ ಮಿನಿಟಿಗೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಅಮೆರಿಕದ ಜೆಫ್ರಿ ಸೇವರ್ 2006ರಲ್ಲಿ ಗಣಿಸಿ ತೋರಿಸಿದರು.

ಶೈತ್ಯದ ಕ್ರಿಯೆ

ರಕ್ತ ನಿಂತೊಡನೆ ನರಕೋಶದಲ್ಲಿ ಒಂದರ ಬೆನ್ನಿಗೆ ಒಂದಾಗಿ ಅನಾಹುತಗಳು ಸಂಭವಿಸುತ್ತವೆ. ಶಕ್ತಿದ್ರವ್ಯ ಬರಿದಾಗಿ, ಸೋಡಿಯಮ್ಮನ್ನು ಹೊರಕ್ಕೂ ಪೊಟ್ಯಾಸಿಯಮ್ಮನ್ನು ಒಳಕ್ಕೂ ಸಾಗಿಸುವ ಕೋಶಪೊರೆಯ ವ್ಯವಸ್ಥೆ ಸೋಲುತ್ತದೆ. ಗ್ಲುಟಮೇಟ್ ಎಂಬ ಉದ್ದೀಪಕ ವಸ್ತು ಮಿತಿಮೀರಿ ಹೊರಸೂಸುತ್ತದೆ. ಅದರ ಪ್ರೇರಣೆಯಿಂದ ಕ್ಯಾಲ್ಸಿಯಂ ಕೋಶದೊಳಕ್ಕೆ ನುಗ್ಗಿ, ಕೋಶವನ್ನು ಒಳಗಿಂದಲೇ ಜೀರ್ಣಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಬಳಿಕ ಗಂಟೆಗಟ್ಟಲೆ, ದಿನಗಟ್ಟಲೆ, ಉರಿಯೂತವೂ, ರಕ್ತಕ್ಕೂ ಮಿದುಳಿಗೂ ನಡುವಣ ತಡೆಗೋಡೆಯ ಶೈಥಿಲ್ಯವೂ, ಬಾವೂ, ಕೋಶಗಳ ಆತ್ಮವಿನಾಶವೂ ಮುಂದುವರಿಯುತ್ತವೆ. ಈ ಸರಪಳಿಯ ಒಂದೊಂದು ಕೊಂಡಿಯನ್ನು ತುಂಡರಿಸಲೆಂದು ಕಳೆದ ಅರ್ಧ ಶತಮಾನದಲ್ಲಿ ಸೃಷ್ಟಿಸಲಾದ ಬಹುಸಂಖ್ಯೆಯ ಔಷಧಗಳು ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತುವು. ಶೈತ್ಯದ ವೈಶಿಷ್ಟ್ಯವೇನೆಂದರೆ, ಅದು ಒಂದು ಕೊಂಡಿಯನ್ನು ಮುಟ್ಟದೆ ಇಡೀ ಸರಪಳಿಯನ್ನೇ ಮಂದಗೊಳಿಸುತ್ತದೆ. ಉಷ್ಣತೆ ಒಂದು ಡಿಗ್ರಿ ಇಳಿದರೆ ಮಿದುಳಿನ ಚಯಾಪಚಯ ಶೇ. 6ರಿಂದ 7ರಷ್ಟು ತಗ್ಗುತ್ತದೆ. ಗ್ಲುಟಮೇಟಿನ ಸ್ರಾವ, ಉರಿಯೂತ, ಬಾವು ಇವೆಲ್ಲವೂ ಅದರೊಡನೆ ಇಳಿಮುಖವಾಗುತ್ತವೆ.

ಈ ತತ್ತ್ವವನ್ನು ಬ್ಯಾಡಗಿಯ ಜನಕ್ಕೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಸುಗ್ಗಿಯಲ್ಲಿ ಮಾರುಕಟ್ಟೆಗೆ ಬಂದ ಕೆಂಪು ಮೆಣಸಿನಕಾಯಿಯ ಚೀಲಗಳನ್ನು ಊರ ಸುತ್ತಲಿನ ಕೋಲ್ಡ್ ಸ್ಟೋರೇಜುಗಳಲ್ಲಿ ಒಟ್ಟಿ, ಬೆಲೆ ಬರುವವರೆಗೆ ಬಣ್ಣ ಮಾಸದಂತೆ ಕಾಪಾಡುವುದು ಅಲ್ಲಿಯ ವ್ಯಾಪಾರದ ನಿತ್ಯಕ್ರಮ. ಶೀತಲಗೃಹದಲ್ಲಿ ಕಾಯಿ ಹೊಸತಾಗುವುದಿಲ್ಲ. ಕೆಡುವುದು ತಡವಾಗುತ್ತದೆ, ಅಷ್ಟೆ. ಮಿದುಳಿನ ವಿಷಯದಲ್ಲಿಯೂ ಶೈತ್ಯ ಮಾಡುವ ಉಪಕಾರ ಇಷ್ಟೇ. ಸತ್ತ ಕೋಶವನ್ನು ಅದು ಬದುಕಿಸದು, ಮುಚ್ಚಿದ ನಾಳವನ್ನು ತೆರೆಯದು. ತೆರೆಯುವವನು ಬರುವವರೆಗೆ ಕಾಯುವ ಶಕ್ತಿಯನ್ನು ಕೋಶಕ್ಕೆ ಕೊಡುತ್ತದೆ. ಶೈತ್ಯದ ಕುರಿತ ಸಕಲ ಆಶೆಯೂ ಸಕಲ ನಿರಾಶೆಯೂ ಈ ಒಂದು ಮಾತಿನಲ್ಲಿ ಅಡಗಿವೆ.

ಇತಿಹಾಸ

ಗಾಯಾಳುಗಳಿಗೆ ಹಿಮವನ್ನು ಒತ್ತುವ ಪದ್ಧತಿ ಪುರಾತನ ಗ್ರೀಕ್ ವೈದ್ಯ ಹಿಪ್ಪೊಕ್ರಟೀಸನ ಪರಂಪರೆಯಷ್ಟು ಹಳೆಯದು. 1812ರಲ್ಲಿ ನೆಪೋಲಿಯನ್ನನ ಸೈನ್ಯ ರಷ್ಯದಿಂದ ಹಿಮ್ಮೆಟ್ಟುತ್ತಿದ್ದಾಗ, ಅದರ ಶಸ್ತ್ರವೈದ್ಯನಾದ ಬ್ಯಾರನ್ ಲಾರೆ, ಬೆಂಕಿಯ ಸಮೀಪದಲ್ಲಿ ಮಲಗಿದ ಗಾಯಾಳುಗಳು ಚಳಿಯಲ್ಲಿ ಉಳಿದವರಿಗಿಂತ ಬೇಗ ಸಾಯುತ್ತಿದ್ದುದನ್ನು ಗಮನಿಸಿ ಬರೆದಿಟ್ಟನು. ಆದರೆ ಶೈತ್ಯವನ್ನು ಶಾಸ್ತ್ರೀಯವಾಗಿ ಆಸ್ಪತ್ರೆಗೆ ತಂದ ಕೀರ್ತಿ ಅಮೆರಿಕದ ಫಿಲಡೆಲ್ಫಿಯದ ನರಶಸ್ತ್ರವೈದ್ಯ ಟೆಂಪಲ್ ಫೇ ಅವರದು. ಅವರು 1938ರಲ್ಲಿ ಅರ್ಬುದರೋಗಿಗಳ ಶರೀರವನ್ನು ತಂಪುಗೊಳಿಸುವ ಪ್ರಯೋಗವನ್ನು ಕೈಗೊಂಡರು. 1950ರಲ್ಲಿ ಟೊರಾಂಟೊ ನಗರದ ವಿಲ್ಫ್ರೆಡ್ ಬಿಗೆಲೊ, ದೇಹವನ್ನು ತಂಪುಗೊಳಿಸಿದರೆ ರಕ್ತಪರಿಚಲನೆಯನ್ನು ಕೆಲಕಾಲ ನಿಲ್ಲಿಸಿ ಹೃದಯವನ್ನು ತೆರೆಯಬಹುದೆಂದು ನಾಯಿಗಳಲ್ಲಿ ತೋರಿಸಿದರು. ಎರಡು ವರ್ಷಗಳಲ್ಲೇ, 1952ರಲ್ಲಿ, ಮಿನೆಸೋಟದಲ್ಲಿ ಜಾನ್ ಲೂಯಿಸ್ ಈ ವಿಧಾನದಿಂದ ಮನುಷ್ಯಹೃದಯದ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿದರು. 1954ರಲ್ಲಿ ರೋಸೊಮಾಫ್ ಮತ್ತು ಹಾಲಡೆ, ಶರೀರ ತಣ್ಣಗಾದಂತೆ ಮಿದುಳಿನ ಆಮ್ಲಜನಕದ ಬೇಡಿಕೆಯೂ ಕ್ರಮವಾಗಿ ಇಳಿಯುವುದನ್ನು ಅಳೆದರು. ಆ ದಶಕದಲ್ಲಿಯೇ ರೋಸೊಮಾಫ್, ಮಿದುಳಿನ ಧಮನಿಯನ್ನು ಕಟ್ಟಿದ ನಾಯಿಗಳಿಗೆ ಶೈತ್ಯದಿಂದ ಒದಗುವ ರಕ್ಷಣೆಯನ್ನು ಪರೀಕ್ಷಿಸಿದರು.

ಆ ಕಾಲದ ಶೈತ್ಯ ಅತಿಯಾದದ್ದು. 30°ಗಿಂತ ಕೆಳಕ್ಕೆ ಇಳಿಸಿದ ಶರೀರದಲ್ಲಿ ಹೃದಯದ ಗತಿ ಕೆಡುವುದು, ರಕ್ತ ಹೆಪ್ಪುಗಟ್ಟದಿರುವುದು, ಸೋಂಕು ತಗಲುವುದು ಮೊದಲಾದ ಅಪಾಯಗಳು ಕಾಣಿಸಿಕೊಂಡು, ಈ ಚಿಕಿತ್ಸೆ ಹೃದಯದ ಶಸ್ತ್ರಶಾಲೆಯ ಹೊರಗೆ ಬಹುಮಟ್ಟಿಗೆ ಕೈಬಿಟ್ಟುಹೋಯಿತು. 1987ರಲ್ಲಿ ಮಯಾಮಿಯ ಬುಸ್ಟೊ, ಡೀಟ್ರಿಕ್, ಗಿನ್ಸ್‌ಬರ್ಗ್ ಮೊದಲಾದವರು ಇಲಿಗಳ ಮಿದುಳಿನ ಉಷ್ಣತೆಯನ್ನು 36°, 34°, 33° ಎಂದು ಬಿಡಿಬಿಡಿಯಾಗಿ ನಿಲ್ಲಿಸಿ, ಎರಡು ಮೂರು ಡಿಗ್ರಿಗಳ ವ್ಯತ್ಯಾಸವೇ ನರಕೋಶಗಳ ಅಳಿವು ಉಳಿವನ್ನು ನಿರ್ಣಯಿಸಬಲ್ಲದೆಂದು ಸಿದ್ಧಪಡಿಸಿದ ಮೇಲೆ, ಅಲ್ಪಶೈತ್ಯವೆಂಬ ಹೊಸ ಅಧ್ಯಾಯ ಆರಂಭವಾಯಿತು. 2007ರಲ್ಲಿ ಫಾನ್ ಡರ್ ವೊರ್ಪ್ ಮತ್ತು ಸಹೋದ್ಯೋಗಿಗಳು ಅದುವರೆಗಿನ ಪ್ರಾಣಿಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಶೈತ್ಯದಿಂದ ಮಿದುಳಿನ ನಷ್ಟಭಾಗ ಸರಾಸರಿ ಶೇ. 44ರಷ್ಟು ಕಿರಿದಾಗಿದ್ದುದು ಕಂಡುಬಂದಿತು. ಅಷ್ಟೊಂದು ಫಲ ತೋರಿದ ರಕ್ಷಣೋಪಾಯಗಳು ವಿರಳ.

ನಿಸರ್ಗದಲ್ಲಿ ಮಿದುಳಿನ ಶೈತ್ಯ: ರಾಣೆಬೆನ್ನೂರಿನ ಕೃಷ್ಣಮೃಗ

ಮಿದುಳನ್ನು ಶರೀರಕ್ಕಿಂತ ತಂಪಾಗಿ ಇರಿಸಿಕೊಳ್ಳುವ ಉಪಾಯವನ್ನು ನಿಸರ್ಗ ಮನುಷ್ಯನಿಗಿಂತ ಎಷ್ಟೋ ಮೊದಲೇ ಕಂಡುಕೊಂಡಿದೆ. ರಾಣೆಬೆನ್ನೂರಿನ ಬಳಿ 1974ರಲ್ಲಿ ಸ್ಥಾಪಿತವಾದ, ಸುಮಾರು 119 ಚದರ ಕಿ.ಮೀ. ವಿಸ್ತಾರದ ಅಭಯಾರಣ್ಯದ ಕುರುಚಲು ಬಯಲಿನಲ್ಲಿ ಹಿಂಡುಹಿಂಡಾಗಿ ಚರಿಸುವ ಕೃಷ್ಣಮೃಗ, ದನ, ಕುರಿ, ಆಡುಗಳನ್ನೂ ಒಳಗೊಂಡ ಸೀಳುಗೊರಸಿನ ಪ್ರಾಣಿಗಳ ಗಣಕ್ಕೆ ಸೇರಿದ್ದು. ಈ ಗಣದ ಪ್ರಾಣಿಗಳಲ್ಲಿ ಮಿದುಳಿಗೆ ಹೋಗುವ ರಕ್ತ ನೇರವಾಗಿ ಹೋಗದೆ, ಮಿದುಳಿನ ಬುಡದಲ್ಲಿ ನೂರಾರು ಸೂಕ್ಷ್ಮನಾಳಗಳಾಗಿ ಒಡೆದು ಹೆಣೆದುಕೊಂಡ ಜಾಲವೊಂದರ ಮೂಲಕ ಹಾಯುತ್ತದೆ. ಆ ಜಾಲವನ್ನು ಸುತ್ತುವರಿದ ಸಿರಾಕುಹರದಲ್ಲಿ, ಏದುಸಿರಿನಿಂದ ಮೂಗಿನ ತೇವ ಆವಿಯಾಗಿ ತಣ್ಣಗಾದ ರಕ್ತ ತುಂಬಿರುವುದರಿಂದ, ಬಿಸಿಯಾದ ಧಮನಿರಕ್ತ ಅಲ್ಲಿ ತನ್ನ ಉಷ್ಣವನ್ನು ಬಿಟ್ಟುಕೊಟ್ಟು ಮುಂದೆ ಸಾಗುತ್ತದೆ. 1972ರಲ್ಲಿ ಟೇಲರ್ ಮತ್ತು ಲೈಮನ್, ಕೃಷ್ಣಮೃಗದ ಸಮೀಪದ ಬಂಧುವಾದ ಆಫ್ರಿಕದ ಥಾಮ್ಸನ್ನನ ಗೆಜೆಲ್ ಎಂಬ ಹುಲ್ಲೆಯನ್ನು ಓಡಿಸಿ ಅಳೆದಾಗ, ಅದರ ಮಿದುಳು ಕೊರಳಿನ ಧಮನಿಯ ರಕ್ತಕ್ಕಿಂತ 2.7° ಸೆ.ನಷ್ಟು ತಂಪಾಗಿ ಉಳಿದಿದ್ದುದು ತಿಳಿಯಿತು. ಈ ವ್ಯವಸ್ಥೆ ಪ್ರಾಣಿಯ ಬೆವರು ಏದುಸಿರುಗಳನ್ನು ನಿಯಂತ್ರಿಸಿ ನೀರನ್ನು ಉಳಿಸುವುದಕ್ಕೂ ನೆರವಾಗುತ್ತದೆಂದು ಈಚಿನ ಶರೀರಶಾಸ್ತ್ರಜ್ಞರ ಅಭಿಪ್ರಾಯ.

ಮನುಷ್ಯನಿಗೆ ಆ ರಕ್ತನಾಳಜಾಲವಿಲ್ಲ. ಅವನ ಮಿದುಳಿನ ಉಷ್ಣತೆ ಶರೀರದ ಉಷ್ಣತೆಯನ್ನು ನೆರಳಿನಂತೆ ಅನುಸರಿಸುವುದಲ್ಲದೆ, ಸಾಮಾನ್ಯವಾಗಿ ಅದಕ್ಕಿಂತ ತುಸು ಹೆಚ್ಚಾಗಿಯೇ ಇರುತ್ತದೆ. ಆದುದರಿಂದ ನಮಗೆ ಜ್ವರವೇರಿದರೆ ನೊಂದ ಮಿದುಳಿಗೆ ನೇರವಾಗಿ ಕಾವು ತಟ್ಟುತ್ತದೆ. ಮಿದುಳೊಂದನ್ನೇ ತಣಿಸಬೇಕಾದರೆ ಕೃತಕವಾದ ಉಪಾಯವೇ ಬೇಕಾಗುತ್ತದೆ.

ತಣಿಸುವ ವಿಧಾನಗಳು

ಶರೀರವನ್ನು ಹೊರಗಿನಿಂದ ತಣಿಸಲು ಮಂಜುಗಡ್ಡೆಯ ಚೀಲಗಳು, ಗಾಳಿ ಅಥವಾ ತಣ್ಣೀರು ಸುತ್ತುತ್ತಿರುವ ಹೊದಿಕೆಗಳು, ಚರ್ಮಕ್ಕೆ ಅಂಟಿಕೊಳ್ಳುವ ಶೀತಲ ಪಟ್ಟಿಗಳು, ತಲೆಗೆ ತೊಡಿಸುವ ಟೊಪ್ಪಿಗೆಗಳು ಬಳಕೆಯಲ್ಲಿವೆ. ಒಳಗಿನಿಂದ ತಣಿಸಲು 4° ಸೆ. ಉಷ್ಣತೆಯ ಲವಣಜಲವನ್ನು ಸಿರೆಯ ಮೂಲಕ ಹರಿಸುವುದುಂಟು. ಅಥವಾ ತೊಡೆಯ ಸಿರೆಯಿಂದ ಮಹಾಸಿರೆಯವರೆಗೆ ಕ್ಯಾಥೆಟರ್ ಎಂಬ ಸಪೂರ ನಳಿಗೆಯನ್ನು ತೂರಿಸಿ, ಅದರೊಳಗೇ ಸುತ್ತುವ ತಣ್ಣನೆಯ ದ್ರವದಿಂದ ರಕ್ತವನ್ನು ತಂಪುಗೊಳಿಸುವುದುಂಟು. ಈ ಎರಡನೆಯ ಮಾರ್ಗ ಶೀಘ್ರವಾದದ್ದು, ನಿಖರವಾದದ್ದು. ಆದರೆ ತೀವ್ರನಿಗಾ ಘಟಕವಿಲ್ಲದೆ ಅಸಾಧ್ಯವಾದದ್ದು.

ಇವೆಲ್ಲಕ್ಕೂ ಅಡ್ಡಿಯಾಗುವುದು ನಡುಕ. ಉಷ್ಣತೆ ಸುಮಾರು 35.5°ಗೆ ಇಳಿದೊಡನೆ ಎಚ್ಚರವಿರುವ ಮನುಷ್ಯನ ಸ್ನಾಯುಗಳು ನಡುಗಿ ಶಾಖವನ್ನು ಹುಟ್ಟಿಸತೊಡಗುತ್ತವೆ. ಹೃದಯ ನಿಂತು ಮರಳಿ ಮಿಡಿದ ಮೇಲೆ, ಎಚ್ಚರ ತಪ್ಪಿಸಿ ಉಸಿರಾಟದ ಯಂತ್ರದ ಆಶ್ರಯದಲ್ಲಿಟ್ಟು ತಣಿಸುವ ರೋಗಿಗೆ ಇದು ದೊಡ್ಡ ತೊಡಕಲ್ಲ. ಎಚ್ಚರವಾಗಿದ್ದು, ಮಾತು ಕೈಕಾಲುಗಳ ಸ್ಥಿತಿಯನ್ನು ಆಗಾಗ ಪರೀಕ್ಷಿಸಬೇಕಾಗಿರುವ ಪಾರ್ಶ್ವವಾಯುವಿನ ರೋಗಿಗೆ ದೊಡ್ಡ ತೊಡಕು. ಪೆಥಿಡೀನ್, ಬಸ್ಪಿರೋನ್ ಎಂಬ ಔಷಧಗಳನ್ನು ಕೊಟ್ಟು, ಚರ್ಮವನ್ನು ಮಾತ್ರ ಬೆಚ್ಚಗಿರಿಸಿ ನಡುಕವನ್ನು ಅಡಗಿಸುವರು. ಆದರೆ ಪೆಥಿಡೀನಿನ ಮಂಪರಿನಲ್ಲಿ ನುಂಗುವಿಕೆ, ಕೆಮ್ಮು ಕುಗ್ಗಿ ಎಂಜಲು ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಈ ಕಾರಣದಿಂದ ಈಚೆಗೆ ಮಿದುಳೊಂದನ್ನೇ ತಣಿಸುವ ಮಾರ್ಗ ಗಮನ ಸೆಳೆದಿದೆ. 2016ರಲ್ಲಿ ಬೀಜಿಂಗಿನ ವೈದ್ಯರು, ಮುಚ್ಚಿದ ಧಮನಿಯಿಂದ ಹೆಪ್ಪನ್ನು ತೆಗೆಯುವಾಗಲೇ ಅದೇ ಕ್ಯಾಥೆಟರಿನ ಮೂಲಕ 350 ಮಿಲಿಲೀಟರು ತಣ್ಣನೆಯ ಲವಣಜಲವನ್ನು 26 ಮಂದಿ ರೋಗಿಗಳ ಮಿದುಳಿಗೆ ಹರಿಸಿ, ಶರೀರದ ಉಷ್ಣತೆ ಹೆಚ್ಚು ಬದಲಾಗದೆ ಮಿದುಳಿನ ಆ ಭಾಗ ತಣ್ಣಗಾಗುವುದೆಂದು ವರದಿ ಮಾಡಿದರು. ಕೃಷ್ಣಮೃಗಕ್ಕೆ ಹುಟ್ಟಿನಿಂದ ಬಂದ ವರವನ್ನು ಮನುಷ್ಯನಿಗೆ ಕ್ಯಾಥೆಟರಿನ ತುದಿಯಲ್ಲಿ ಒದಗಿಸುವ ಯತ್ನವೆಂದು ಇದನ್ನು ಬಣ್ಣಿಸಬಹುದು.

ಔಷಧದಿಂದ ಶೈತ್ಯ: ಮೆಣಸಿನಕಾಯಿಯ ಸತ್ತ್ವ

ನಡುಕವನ್ನು ಬಲಾತ್ಕಾರದಿಂದ ಅಡಗಿಸುವುದಕ್ಕೆ ಬದಲಾಗಿ, ಶರೀರದ ಉಷ್ಣತೆಯನ್ನು ನಿಯಮಿಸುವ ವ್ಯವಸ್ಥೆಯನ್ನೇ ಒಲಿಸಿಕೊಂಡು ತಂಪಾಗಿಸಬಹುದೇ ಎಂಬ ಶೋಧನೆ ವಿಜ್ಞಾನಿಗಳನ್ನು ಮೆಣಸಿನಕಾಯಿಯ ಬಳಿಗೆ ಕೊಂಡೊಯ್ದಿದೆ. ಮೆಣಸಿನಕಾಯಿಯ ಸಾರ ಪ್ರಾಣಿಗಳ ಶರೀರದ ಉಷ್ಣತೆಯನ್ನು ಇಳಿಸುವುದೆಂದು ಹಂಗೆರಿಯ ಎಂಡ್ರೆ ಹೋಗ್ಯೆಶ್ 1878ರಲ್ಲಿಯೇ ವರದಿ ಮಾಡಿದ್ದರು. ಖಾರ ತಿಂದಾಗ ಬೆವರುವುದು ನಮಗೆಲ್ಲರಿಗೂ ತಿಳಿದ ಅನುಭವ. ಕಾವು ತಗಲಿತೆಂದು ಭ್ರಮಿಸಿದ ಶರೀರ ತನ್ನನ್ನು ತಣಿಸಿಕೊಳ್ಳಲು ಹೂಡುವ ಉಪಾಯವೇ ಆ ಬೆವರು. ಇದರ ರಹಸ್ಯ 1997ರಲ್ಲಿ ಬಯಲಾಯಿತು: ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ಸುಡುವ ಶಾಖವನ್ನು ಗ್ರಹಿಸುವ ನರತಂತುಗಳ ಗ್ರಾಹಕವೊಂದನ್ನೇ ಎಚ್ಚರಿಸುತ್ತದೆಂದು ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ತೋರಿಸಿದರು. ಟಿ.ಆರ್.ಪಿ.ವಿ.-1 ಎಂಬ ಆ ಗ್ರಾಹಕದ ಶೋಧಕ್ಕಾಗಿ ಜೂಲಿಯಸ್ ಅವರು ಆರ್ಡೆಮ್ ಪಟಪೂಟಿಯನ್ ಅವರೊಡನೆ 2021ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಕ್ಯಾಪ್ಸೈಸಿನ್ನಿನ ಜ್ಞಾತಿಯಾದ, ಮೆಣಸಿನಕಾಯಿಯಲ್ಲೇ ದೊರೆಯುವ ಡೈಹೈಡ್ರೊಕ್ಯಾಪ್ಸೈಸಿನ್ನನ್ನು ಪ್ರಾಣಿಗಳಿಗೆ ಕೊಟ್ಟಾಗ ಉಷ್ಣತೆ ಕೆಲವು ಡಿಗ್ರಿ ಇಳಿಯುವುದೆಂದೂ, ಕೃತಕವಾಗಿ ಪಾರ್ಶ್ವವಾಯು ಉಂಟುಮಾಡಿದ ಇಲಿಗಳಿಗೆ ಅದರಿಂದ ಹಿತವಾಗುವುದೆಂದೂ ಪ್ರಯೋಗಗಳು ತಿಳಿಸಿವೆ.

2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಮೆಣಸಿನಕಾಯಿಗೆ ತನ್ನ ಹೆಸರನ್ನೇ ಕೊಟ್ಟ ಬ್ಯಾಡಗಿಯ ಓದುಗರು ಇಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದು, ಬ್ಯಾಡಗಿಯ ಕಡ್ಡಿ, ಡಬ್ಬಿ ಎಂಬ ಬಗೆಯ ಕಾಯಿಗಳ ಹಿರಿಮೆ ಅವುಗಳ ಕಡುಗೆಂಪು ಬಣ್ಣದಲ್ಲಿದೆ. ಓಲಿಯೊರೆಸಿನ್ ಎಂಬ ಸಾರವನ್ನು ತೆಗೆಯುವವರು ಅರಸಿಬರುವುದು ಆ ಬಣ್ಣವನ್ನು. ಖಾರವಸ್ತು ಅವುಗಳಲ್ಲಿ ಕಡಿಮೆ. ಎರಡನೆಯದು, ಅಳತೆಯರಿತು ಶುದ್ಧರೂಪದಲ್ಲಿ ಪ್ರಯೋಗಶಾಲೆಯಲ್ಲಿ ಕೊಡುವ ಔಷಧಕ್ಕೂ ಬಾಯಿಗೆ ಹಾಕುವ ಮೆಣಸಿನಕಾಯಿಗೂ ಅಜಗಜಾಂತರ. ಲಕ್ವ ಹೊಡೆದವರ ನುಂಗುವ ಶಕ್ತಿ ಕೆಟ್ಟಿರಬಹುದಾದುದರಿಂದ ಅವರ ಬಾಯಿಗೆ ಖಾರವನ್ನಾಗಲಿ, ಕಷಾಯವನ್ನಾಗಲಿ, ನೀರನ್ನೇ ಆಗಲಿ ಹಾಕುವುದು ಪ್ರಾಣಾಪಾಯಕರ.

ಮನುಷ್ಯರಲ್ಲಿ ಪರೀಕ್ಷೆಗಳು

ಹೃದಯ ನಿಂತು ಮರಳಿ ಮಿಡಿದ ರೋಗಿಗಳಲ್ಲಿ ಶೈತ್ಯದ ಯಶಸ್ಸು 2002ರಲ್ಲಿ ಲೋಕವನ್ನು ಬೆರಗುಗೊಳಿಸಿತು. ಯೂರೋಪಿನಲ್ಲಿ 32°–34°ಗಳಲ್ಲಿ 24 ಗಂಟೆಗಳ ಕಾಲ ಇರಿಸಲಾದ ರೋಗಿಗಳಲ್ಲಿ ಶೇ. 55 ಮಂದಿಯ ಮಿದುಳು ಚೆನ್ನಾಗಿ ಉಳಿಯಿತು. ಶೈತ್ಯವಿಲ್ಲದವರಲ್ಲಿ ಈ ಪ್ರಮಾಣ ಶೇ. 39. ಆಸ್ಟ್ರೇಲಿಯದ ಬರ್ನಾರ್ಡ್ ಅವರ ಪರೀಕ್ಷೆಯೂ ಅದನ್ನು ಸಮರ್ಥಿಸಿತು. ಆದರೆ 2021ರಲ್ಲಿ ಪ್ರಕಟವಾದ ಸುಮಾರು 1,900 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ, 33°ಗೆ ಇಳಿಸಿದವರಿಗೂ ಜ್ವರ ಬಾರದಂತೆ ಮಾತ್ರ ನೋಡಿಕೊಂಡವರಿಗೂ ಬದುಕುಳಿಯುವಿಕೆಯಲ್ಲಿ ಭೇದ ಕಾಣಲಿಲ್ಲ.

ಪಾರ್ಶ್ವವಾಯುವಿನಲ್ಲಿ 1998ರಲ್ಲಿ ಹೈಡೆಲ್‌ಬರ್ಗಿನ ಶ್ವಾಬ್ ಮತ್ತು ಸಹೋದ್ಯೋಗಿಗಳು, ಮಿದುಳಿನ ಒಂದು ಪಾರ್ಶ್ವವೇ ಬಾತು ಮರಣಾಸನ್ನರಾಗಿದ್ದ 25 ಮಂದಿಯನ್ನು 33°ಗೆ ತಣಿಸಿದರು; ಶೇ. 44 ಮಂದಿ ಮಡಿದರೂ, ಅಂಥ ರೋಗಿಗಳಲ್ಲಿ ನಿರೀಕ್ಷಿತವಾದ ಮರಣಕ್ಕಿಂತ ಅದು ಕಡಿಮೆಯಾಗಿತ್ತು. ಮತ್ತೆ ಬೆಚ್ಚಗಾಗಿಸುವಾಗ ತಲೆಬುರುಡೆಯೊಳಗಿನ ಒತ್ತಡ ಏರಿ ಹಲವರು ಸತ್ತುದರಿಂದ, ಬಿಸಿಮಾಡುವ ಕ್ರಿಯೆ ಅತಿ ನಿಧಾನವಾಗಿರಬೇಕೆಂಬ ಪಾಠ ಆಗ ದೊರೆಯಿತು. ಅನಂತರ ಅಂಥ ರೋಗಿಗಳಿಗೆ ಬುರುಡೆಯ ಭಾಗವನ್ನು ತೆಗೆದು ಬಾವಿಗೆ ಎಡೆಮಾಡಿಕೊಡುವ ಶಸ್ತ್ರಚಿಕಿತ್ಸೆ ಸಿದ್ಧಿಗೆ ಬಂದಿತು. ಅದರೊಡನೆ ಶೈತ್ಯವನ್ನೂ ಸೇರಿಸಿ 50 ರೋಗಿಗಳಲ್ಲಿ ನಡೆಸಿದ ಜರ್ಮನಿಯ ಪರೀಕ್ಷೆ 2019ರಲ್ಲಿ ಪ್ರಕಟವಾದಾಗ, ಪ್ರಯೋಜನ ಕಾಣದೆ ಉಪದ್ರವಗಳೇ ಹೆಚ್ಚಿದ್ದುವು.

ಎಚ್ಚರವಾಗಿರುವ ರೋಗಿಗಳನ್ನು ತಣಿಸುವ ಅಮೆರಿಕದ ಯತ್ನಗಳಲ್ಲಿ, ಹೆಪ್ಪು ಕರಗಿಸುವ ಔಷಧವನ್ನೂ ಕ್ಯಾಥೆಟರಿನ ಶೈತ್ಯವನ್ನೂ ಒಟ್ಟಿಗೆ ಬಳಸಬಹುದೆಂದು 2010ರ ಹೊತ್ತಿಗೆ ತಿಳಿದುಬಂದರೂ, ನ್ಯುಮೋನಿಯಾ ಹೆಚ್ಚಾದುದು ಚಿಂತೆಯನ್ನುಂಟುಮಾಡಿತು. ಅದರ ಮುಂದಿನ ಪರೀಕ್ಷೆ 120 ರೋಗಿಗಳಲ್ಲೇ ನಿಂತಿತು. ಕಾರಣ, 2015ರಲ್ಲಿ ಐದು ಪರೀಕ್ಷೆಗಳು ಏಕಕಂಠದಿಂದ, ಧಮನಿಯೊಳಗೆ ಸಾಧನವನ್ನು ತೂರಿ ಹೆಪ್ಪನ್ನು ಹೊರಗೆಳೆಯುವ ಕ್ರಮವನ್ನು ಸ್ಥಿರಪಡಿಸಿ, ಚಿಕಿತ್ಸೆಯ ಮುಖವನ್ನೇ ಬದಲಾಯಿಸಿದವು. ಯೂರೋಪಿನಲ್ಲಿ 1,500 ರೋಗಿಗಳ ಗುರಿಯಿಟ್ಟುಕೊಂಡು ಆರಂಭವಾದ ಪರೀಕ್ಷೆ 98 ಮಂದಿಯೊಂದಿಗೆ ಕೊನೆಗೊಂಡು 2019ರಲ್ಲಿ ಪ್ರಕಟವಾಯಿತು; ಶೈತ್ಯದ ಪಾಲಿಗೆ ಬಂದವರಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಿಮೆ ಮಂದಿಯ ಉಷ್ಣತೆ ಮಾತ್ರ ಉದ್ದೇಶಿತ ಮಟ್ಟಕ್ಕೆ ಇಳಿಯಿತು; ಫಲದಲ್ಲಿ ಭೇದ ಕಾಣಲಿಲ್ಲ. ಈ ಸೋಲುಗಳಲ್ಲಿ ತತ್ತ್ವದ ಸೋಲು ಎಷ್ಟು, ಸಾಧನಗಳ ಸೋಲು ಎಷ್ಟು ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ. ಇಲಿಯ ನಾಳ ತೆರೆದುಕೊಂಡ ಹೊತ್ತಿಗೆ ಅದರ ಮಿದುಳು ತಂಪಾಗಿರುತ್ತಿತ್ತು. ಮನುಷ್ಯರಲ್ಲಿ ಬಹಳ ಮಂದಿಯ ನಾಳ ತೆರೆಯಲೂ ಇಲ್ಲ, ಮಿದುಳು ಸಕಾಲದಲ್ಲಿ ತಣಿಯಲೂ ಇಲ್ಲ. ಸದ್ಯದಲ್ಲಿ ವೈದ್ಯಸಂಘಗಳ ಮಾರ್ಗಸೂಚಿಗಳು ಪಾರ್ಶ್ವವಾಯುವಿನ ಶೈತ್ಯವನ್ನು ವಿಧಿವತ್ತಾದ ಸಂಶೋಧನೆಯ ಎಲ್ಲೆಯೊಳಗೆ ಮಾತ್ರ ಇರಿಸಿವೆ.

ಭಾರತದ ಅನುಭವ

ಶೈತ್ಯಚಿಕಿತ್ಸೆ ಭಾರತದಲ್ಲಿ ಹೆಚ್ಚಾಗಿ ಪರಿಚಿತವಾದುದು ನವಜಾತ ಶಿಶುಗಳಿಂದ. ಹೆರಿಗೆಯ ಹೊತ್ತಿನಲ್ಲಿ ಉಸಿರುಗಟ್ಟಿ ಮಿದುಳು ನೊಂದ ಕೂಸುಗಳನ್ನು 33.5°ಯಲ್ಲಿ 72 ಗಂಟೆ ಇರಿಸುವ ಕ್ರಮ 2005ರ ಬಳಿಕ ಶ್ರೀಮಂತ ದೇಶಗಳಲ್ಲಿ ನೆಲೆಗೊಂಡಿತು. ದುಬಾರಿ ಯಂತ್ರಗಳಿಗೆ ಬದಲಾಗಿ, ನಿಯತ ಉಷ್ಣತೆಯಲ್ಲಿ ಕರಗಿ ಶಾಖವನ್ನು ಹೀರುವ ವಸ್ತುವಿನ ಹಾಸಿಗೆಯನ್ನು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಯಶಸ್ವಿಯಾಗಿ ಬಳಸಿ ತೋರಿಸಿದರು. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಹೀಲಿಕ್ಸ್ ಪರೀಕ್ಷೆಯಲ್ಲಿ, ತಣಿಸಿದ ಕೂಸುಗಳಲ್ಲಿ ಶೇ. 42, ತಣಿಸದವುಗಳಲ್ಲಿ ಶೇ. 31 ತೀರಿಕೊಂಡವು. ಒಂದು ನಾಡಿನಲ್ಲಿ ಹಿತವಾದುದು ಇನ್ನೊಂದರಲ್ಲಿಯೂ ಹಿತವೇ ಆಗಬೇಕೆಂಬ ನಿಯಮವಿಲ್ಲ. ಚಿಕಿತ್ಸೆಯನ್ನು ಅದು ನಡೆಯುವ ನೆಲದ ಮೇಲೆಯೇ ಪರೀಕ್ಷಿಸಬೇಕು. ಈ ಎಚ್ಚರಿಕೆ ಪಾರ್ಶ್ವವಾಯುವಿಗೂ ಅನ್ವಯಿಸುತ್ತದೆ.

ಹಾವೇರಿ ಸೀಮೆಯಲ್ಲಿ ಇದರ ಅರ್ಥ

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದ ಹಾವೇರಿ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ, ಹುಬ್ಬಳ್ಳಿಗೂ ದಾವಣಗೆರೆಗೂ ನಡುವೆ ನಿಂತಿದೆ. ಉತ್ತರಕ್ಕೆ ಸುಮಾರು 75 ಕಿ.ಮೀ. ದೂರದ ಹುಬ್ಬಳ್ಳಿಯಲ್ಲಿ 1957ರಷ್ಟು ಹಿಂದೆ ಸ್ಥಾಪಿತವಾದ ಸರ್ಕಾರಿ ವೈದ್ಯಕೀಯ ಕಾಲೇಜೂ, ರಾಣೆಬೆನ್ನೂರಿನಿಂದ ದಕ್ಷಿಣಕ್ಕೆ ದಾವಣಗೆರೆಯಲ್ಲಿ 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ಇವೆ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯೊಡನೆ ಈಚೆಗೆ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಹುಟ್ಟಿಕೊಂಡಿದೆ. 2008ರಿಂದ ನಡೆಯುತ್ತಿರುವ 108ರ ಆಂಬುಲೆನ್ಸ್ ವಾಹನ ಹಳ್ಳಿಹಳ್ಳಿಗೆ ಪರಿಚಿತ. 1974ರಲ್ಲಿ ಈಗಿನ ರೂಪ ತಳೆದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಮಿದುಳಿನ ರೋಗಗಳ ಚಿಕಿತ್ಸೆಯನ್ನು ಜಿಲ್ಲೆಗಳ ಮಟ್ಟಕ್ಕೆ ತರುವ ಕಾರ್ಯವನ್ನು ರಾಜ್ಯ ಸರ್ಕಾರದೊಡನೆ 2022ರಲ್ಲಿ ಕೈಗೆತ್ತಿಕೊಂಡಿದೆ. ರಸ್ತೆ ಇದೆ, ವಾಹನ ಇದೆ, ಆಸ್ಪತ್ರೆ ಇದೆ. ಆದರೂ ಹೆಪ್ಪು ಕರಗಿಸುವ ಔಷಧಕ್ಕೆ ಇರುವ ನಾಲ್ಕೂವರೆ ಗಂಟೆಗಳ ಅವಧಿ, ಬೆಳಗಾಗಲಿ ಎಂದು ಕಾಯುವುದರಲ್ಲಿಯೂ, ನಾಟಿ ಔಷಧವನ್ನು ಅರಸಿ ಅಲೆಯುವುದರಲ್ಲಿಯೂ ಕಳೆದುಹೋಗುವುದು ಎಲ್ಲೆಡೆಯಂತೆ ಇಲ್ಲಿಯೂ ಕಾಣುವ ದುಃಖದ ಸಂಗತಿ. ಮುಂದೊಂದು ದಿನ ವಾಹನದಲ್ಲಿಯೇ ಸುರಕ್ಷಿತವಾಗಿ ಮಿದುಳನ್ನು ತಣಿಸುವ ಉಪಾಯ ಸಿದ್ಧವಾದರೆ, ಹುಬ್ಬಳ್ಳಿಯ ಹಾದಿಯ ಒಂದೊಂದು ಮೈಲಿಯೂ ಅದರಿಂದ ಕಿರಿದಾಗುವುದು.

ಆ ದಿನ ಬರುವವರೆಗೆ ಶೈತ್ಯಶಾಸ್ತ್ರ ನಮಗೆ ಕೊಟ್ಟಿರುವ ಫಲ ಬೇರೊಂದಿದೆ. ಮಿದುಳನ್ನು ತಣಿಸಿದರೆ ಲಾಭವೋ ಎಂಬುದು ವಿವಾದಾಸ್ಪದವಾದರೂ, ಕಾಯಿಸಿಕೊಂಡ ಮಿದುಳು ಕೆಡುತ್ತದೆಂಬುದು ನಿರ್ವಿವಾದ. 1996ರಲ್ಲಿ ಕೋಪನ್‌ಹೇಗನ್ನಿನ 390 ರೋಗಿಗಳ ಅಧ್ಯಯನದಲ್ಲಿ, ಆಸ್ಪತ್ರೆಗೆ ಬಂದಾಗಿನ ಉಷ್ಣತೆ ಒಂದು ಡಿಗ್ರಿ ಹೆಚ್ಚಿದ್ದರೆ ಕೆಟ್ಟ ಪರಿಣಾಮದ ಸಂಭವ 2.2 ಪಾಲಾಗುತ್ತಿತ್ತು. ಉಷ್ಣತೆಯನ್ನು ಯಂತ್ರಗಳಿಂದ ಬಿಗಿಯಾಗಿ ನಿಯಂತ್ರಿಸಿದ, 677 ರೋಗಿಗಳ 2024ರ ಪರೀಕ್ಷೆಯಲ್ಲಿ ಜ್ವರ ತಗ್ಗಿದರೂ ರೋಗಿಯ ಅಂತಿಮ ಸ್ಥಿತಿ ಉತ್ತಮಗೊಳ್ಳಲಿಲ್ಲವೆಂಬುದನ್ನು ಮರೆಯಬಾರದು. ಆದರೆ ಆಸ್ಟ್ರೇಲಿಯದ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದಾದಿಯರು ಮೊದಲ 72 ಗಂಟೆಗಳ ಕಾಲ ಜ್ವರ, ರಕ್ತದ ಸಕ್ಕರೆ, ನುಂಗುವಿಕೆ ಈ ಮೂರನ್ನು ಕ್ರಮವರಿತು ನೋಡಿಕೊಂಡು, 37.5° ಮೀರಿದೊಡನೆ ಪ್ಯಾರಾಸಿಟಮಾಲ್ ಕೊಟ್ಟಾಗ, 90 ದಿನಗಳಲ್ಲಿ ಮೃತರು ಅಥವಾ ಪರಾವಲಂಬಿಗಳಾದವರು ಶೇ. 58ರಿಂದ ಶೇ. 42ಕ್ಕೆ ಇಳಿದರು. ಈ ಆರೈಕೆಗೆ ಬೇಕಾದುದು ಒಂದು ಉಷ್ಣಮಾಪಕ, ಸಕ್ಕರೆ ಅಳೆಯುವ ಪುಟ್ಟ ಸಾಧನ, ನುಂಗುವಿಕೆಯನ್ನು ಪರೀಕ್ಷಿಸಬಲ್ಲ ಶಿಕ್ಷಿತ ದಾದಿ. ಬ್ಯಾಡಗಿಯ ತಾಲ್ಲೂಕು ಆಸ್ಪತ್ರೆಯಲ್ಲಿಯೂ ರಾಣೆಬೆನ್ನೂರಿನಲ್ಲಿಯೂ ಇವು ದುರ್ಲಭವಾಗಬೇಕಾಗಿಲ್ಲ.

ಆದುದರಿಂದ ಓದುಗರು ಗಮನದಲ್ಲಿಡಬೇಕಾದುದು ಇಷ್ಟು. ಮುಖ ಸೊಟ್ಟಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ, ಅದು ಪ್ರಾರಂಭವಾದ ಗಳಿಗೆಯನ್ನು ಗುರುತುಮಾಡಿಕೊಂಡು, ಬಾಯಿಗೆ ಏನನ್ನೂ ಹಾಕದೆ, ತಲೆಗೆ ಮಂಜುಗಡ್ಡೆ ಇಡುತ್ತ ಹೊತ್ತು ಕಳೆಯದೆ, 108ಕ್ಕೆ ಕರೆಮಾಡಿ, ತಲೆಯ ಸಿ.ಟಿ. ಚಿತ್ರಣ ಇರುವ ಆಸ್ಪತ್ರೆಗೆ ಹೊರಡಬೇಕು. ಮಿದುಳಿಗೆ ಕಾಲವನ್ನು ಗಳಿಸಿಕೊಡಬಲ್ಲ ಶೈತ್ಯ ಇನ್ನೂ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದೆ. ಇರುವ ಕಾಲವನ್ನು ಕಳೆದುಕೊಳ್ಳದಿರುವುದು ಇಂದೇ ನಮ್ಮ ಕೈಯಲ್ಲಿದೆ.